ಗಾಳದ ಕಾರ್ಬನ್ ಕೋಲಿನಿಂದ ಮಹಡಿ ಕಿಟಕಿ ತೊಳೆಯುವುದು: ಕೊಳ್ಳುವುದರಿಂದ ಒಣಗಿಸಿಡುವವರೆಗಿನ ಹಂತಗಳು

ಗಾಳ ಹಾಕುವ ಕಾರ್ಬನ್ ಫೈಬರ್ ಕೋಲಿಗೆ ಬ್ರಷ್ ಕಟ್ಟಿ ಮಹಡಿಯ ಕಿಟಕಿ ತೊಳೆಯಲು ಹೊರಟವರ ದೂರುಗಳು ಬಹುಮಟ್ಟಿಗೆ ಒಂದೇ ಬಗೆಯವು. ಬ್ರಷ್ಷನ್ನು ಗಾಜಿಗೆ ಒತ್ತಿದ ಕೂಡಲೇ ತುಂಡುಗಳು ಒಂದರೊಳಗೊಂದು ಜಾರಿ ಕೋಲು ಗಿಡ್ಡವಾಗುತ್ತದೆ. ಜಾರದಿರಲೆಂದು ಜೋರಾಗಿ ಎಳೆದು ಬಿಗಿ ಮಾಡಿದರೆ ಕೆಲಸ ಮುಗಿದ ಮೇಲೆ ಮಡಚಲು ಬರುವುದಿಲ್ಲ. ಕಬ್ಬಿಣದ ಕ್ಲಿಪ್ ಹಾಕಿ ಬಿಗಿದರೆ ತುಂಡಿನ ಬಾಯಿ ಉದ್ದಕ್ಕೆ ಸೀಳುತ್ತದೆ.

ಮೂರಕ್ಕೂ ಮೂಲ ಒಂದೇ. ಕೋಲಿನ ಪ್ರತಿಯೊಂದು ತುಂಡೂ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಒಳಗಿನದನ್ನು ಹೊರಗೆಳೆದಾಗ ಅದರ ಬುಡ ಹೊರತುಂಡಿನ ಬಾಯಿಯಲ್ಲಿ ಸಿಕ್ಕಿ ನಿಲ್ಲುತ್ತದೆ. ಮೀನು ಎಳೆದಷ್ಟೂ ಈ ಹಿಡಿತ ಬಿಗಿಯಾಗುತ್ತದೆ. ಕಿಟಕಿ ಕೆಲಸದಲ್ಲಿ ಬ್ರಷ್ಷಿನ ಭಾರ, ನೀರಿನ ಭಾರ, ಉಜ್ಜುವ ಒತ್ತಡ ಎಲ್ಲವೂ ತುಂಡುಗಳನ್ನು ಒಳಕ್ಕೆ ನೂಕುತ್ತವೆ. ಎಳೆತಕ್ಕೆಂದು ಮಾಡಿದ ಜಾಯಿಂಟನ್ನು ಒತ್ತಡಕ್ಕೆ ಹೊಂದಿಸುವುದೇ ಈ ಕೆಲಸದ ಮುಕ್ಕಾಲು ಪಾಲು. ಪುತ್ತೂರು, ಸುಳ್ಯದ ಅಡಿಕೆ ತೋಟಗಳಲ್ಲಿ ಕೊಯ್ಲಿಗೂ ಬೋರ್ಡೋ (ಸುಣ್ಣ, ಮೈಲುತುತ್ತಿನ ದ್ರಾವಣ) ಸಿಂಪಡಣೆಗೂ ಬಳಸುವ ಕಾರ್ಬನ್ ದೋಟಿಯ ಜಾಯಿಂಟುಗಳಲ್ಲಿ ಲಾಕ್ ಇರುವುದು ಇದೇ ಕಾರಣಕ್ಕೆ. ಆದರೆ ಅಡಿಕೆ ಮರದ ಎತ್ತರಕ್ಕೆ ಮಾಡಿದ ಆ ದೋಟಿ ಒಂದು ಮಹಡಿಯ ಮನೆಗೆ ಭಾರವೂ ದುಬಾರಿಯೂ ಆಗುತ್ತದೆ.

ಹಂತ 1: ಕೋಲು ಕೊಳ್ಳುವ ಮೊದಲು ತಂತಿ ನೋಡಿ

ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಮೇಲಿನ ಬಣ್ಣ, ಹಿಡಿಯ ರಬ್ಬರ್, ಕಾಲಿನ ಚಪ್ಪಲಿ ಯಾವುದನ್ನೂ ರಕ್ಷಣೆಯೆಂದು ನಂಬಬಾರದು. ಒದ್ದೆಯಾದ ಕೋಲಿನ ಮಟ್ಟಿಗಂತೂ ಈ ಮಾತಿಗೆ ವಿನಾಯಿತಿಯೇ ಇಲ್ಲ. ಆದ್ದರಿಂದ ಮೊದಲ ಹಂತ ಅಂಗಡಿಗೆ ಹೋಗುವುದಲ್ಲ, ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡುವುದು.

ಮೆಸ್ಕಾಂ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ನಮ್ಮ ಕಡೆ ಸಾಮಾನ್ಯವಾಗಿ ಮಹಡಿಯ ಸಜ್ಜದ ಪಕ್ಕದಲ್ಲೇ ಹಾದಿರುತ್ತದೆ. ಅದಕ್ಕೆ ಹೊದಿಕೆ ಇದೆಯೆಂದು ಧೈರ್ಯ ತಂದುಕೊಳ್ಳುವಂತಿಲ್ಲ. ಬಿಸಿಲಿಗೂ ಉಪ್ಪುಗಾಳಿಗೂ ಹೊದಿಕೆ ಬಿರುಕು ಬಿಟ್ಟಿರಬಹುದು. ರಸ್ತೆಯ ಬದಿಯ ಕಂಬಗಳಲ್ಲಿ ಕೆಳಗೆ 230 ಅಥವಾ 400 ವೋಲ್ಟಿನ ತಂತಿಯೂ ಮೇಲೆ 11 ಕಿಲೋವೋಲ್ಟಿನದೂ ಇರಬಹುದು, ಮತ್ತು ಹೈಟೆನ್ಶನ್ ತಂತಿಯ ವಿದ್ಯುತ್ ಕೋಲು ತಾಗುವ ಮೊದಲೇ ಗಾಳಿಯಲ್ಲಿ ಜಿಗಿಯಬಲ್ಲದು. ಪೂರ್ತಿ ಬಿಚ್ಚಿದ ಕೋಲು ಕೈತಪ್ಪಿ ಯಾವ ದಿಕ್ಕಿಗೆ ಬಿದ್ದರೂ ತಂತಿಯ ಹತ್ತಿರ ಸುಳಿಯಬಾರದು. ನೀವು ನಿಲ್ಲುವ ಜಾಗದಿಂದ ತಂತಿಗಿರುವ ದೂರ ಕೋಲಿನ ಉದ್ದ, ನಿಮ್ಮ ಕೈಯ ಉದ್ದ ಮತ್ತು ಇನ್ನೊಂದು 3 ಮೀಟರ್, ಇವುಗಳ ಮೊತ್ತಕ್ಕಿಂತ ಹೆಚ್ಚಿರಬೇಕು. ಅಷ್ಟು ಜಾಗ ಸಿಗದ ಕಿಟಕಿಯನ್ನು ಈ ಕೋಲಿನಿಂದ ತೊಳೆಯುವ ಯೋಚನೆಯನ್ನೇ ಬಿಡಿ. ಗ್ಲಾಸ್ ಫೈಬರ್ ಕೋಲು ತಂದರೆ ಆಗದೇ ಎಂದು ಕೇಳುವವರಿದ್ದಾರೆ. ಒಣಗಿದ್ದಾಗ ಅದರಲ್ಲಿ ವಿದ್ಯುತ್ ಹರಿಯದಿದ್ದರೂ ಕೋಲಿನ ಮೈಮೇಲೆ ನೀರು ಇಳಿಯುವ ಕೆಲಸವಿದು, ಹಾಗಾಗಿ ಅದಕ್ಕೂ ಇದೇ ದೂರ ಅನ್ವಯಿಸುತ್ತದೆ.

ಹಂತ 2: ಉದ್ದದ ಲೆಕ್ಕ ಮತ್ತು ಕೋಲಿನ ಆಯ್ಕೆ

ಕೋಲಿನ ಮೇಲೆ ಬರೆದ ಉದ್ದವನ್ನು ನಂಬಿ ಕೊಂಡವರಿಗೆ ಕಿಟಕಿ ಎಟುಕುವುದಿಲ್ಲ, ಏಕೆಂದರೆ ತುದಿಯ ತೆಳು ತುಂಡುಗಳನ್ನು ತೆಗೆದುಹಾಕಲೇಬೇಕಾಗುತ್ತದೆ. ರೀಲ್ ಇಲ್ಲದ, ಉಂಗುರಗಳಿಲ್ಲದ ಕೈಗೋಲುಗಳು ಸಾಮಾನ್ಯವಾಗಿ 3.6, 4.5, 5.4, 6.3, 7.2 ಮೀಟರ್ ಉದ್ದಗಳಲ್ಲಿ ಸಿಗುತ್ತವೆ. ನಮ್ಮ ಕೆಲಸಕ್ಕೆ ಇಂಥ ಕೋಲೇ ಬೇಕು. ಉಂಗುರವಿರುವುದನ್ನು ತಂದರೆ ಅವನ್ನು ಬಿಚ್ಚುವಷ್ಟರಲ್ಲಿ ಮೇಲ್ಪದರ ಕಿತ್ತುಬರುತ್ತದೆ.

ಲೆಕ್ಕ ಹೀಗೆ. ನೆಲದಿಂದ ಪಂಚಾಂಗ, ಅಂದರೆ ಮನೆ ನಿಂತ ಕಟ್ಟೆ, ಅರ್ಧ ಮೀಟರಿಗೆ ಸ್ವಲ್ಪ ಮೇಲೆ, ಕೆಳಮಹಡಿ 3 ಮೀಟರ್, ಅದರ ಮೇಲೆ ಕಿಟಕಿಯ ಗಾಜಿನ ಮೇಲಂಚು 2 ಮೀಟರ್ ಎಂದರೆ ಒಟ್ಟು 5.6 ಮೀಟರಿನ ಆಸುಪಾಸು. ಕೆಳಗಿನ ಕೈ ಸೊಂಟದ ಎತ್ತರದಲ್ಲಿ, ಅಂದರೆ ನೆಲದಿಂದ 1 ಮೀಟರಿನಲ್ಲಿ ಇರುತ್ತದೆ. ಉಳಿದ 4.6 ಮೀಟರ್ ಎತ್ತರವನ್ನು ಸ್ವಲ್ಪ ಓರೆಯಾಗಿ ತಲುಪಲು ಸುಮಾರು 4.9 ಮೀಟರ್ ಗಟ್ಟಿ ಕೋಲು ಬೇಕು. ಅಂಗಡಿಗೆ ಹೋಗುವಾಗ ಅಳತೆ ಟೇಪನ್ನೂ ಸಾಧ್ಯವಾದರೆ ದಪ್ಪ ಅಳೆಯುವ ವರ್ನಿಯರನ್ನೂ ಒಯ್ಯಿರಿ. ಕೋಲನ್ನು ಪೂರ್ತಿ ಬಿಚ್ಚಿಸಿ, ತುದಿ 8 ಮಿಲಿಮೀಟರಿಗಿಂತ ತೆಳ್ಳಗಿರುವ ತುಂಡುಗಳನ್ನು ಬಿಟ್ಟು ಉಳಿದದ್ದನ್ನು ಅಳೆಯಿರಿ. 7.2 ಮೀಟರಿನ ಕೋಲಿನಲ್ಲೂ ಉಳಿಯುವುದು ಐದು ಮೀಟರಿಗಿಂತ ಕಡಿಮೆಯಿರಬಹುದು. ಒಂದು ಗೇಣು ಸಾಲದೆ ಬಂದರೆ ಇನ್ನೂ ಉದ್ದದ ಕೋಲು ಕೇಳಬೇಕೇ ಹೊರತು ತೆಳು ತುಂಡನ್ನು ಉಳಿಸಿಕೊಳ್ಳುವ ಆಸೆ ಪಡಬಾರದು.

ಮಂಗಳೂರಿನ ಬಂದರಿನಲ್ಲೋ ಮಲ್ಪೆಯಲ್ಲೋ ಗಾಳದ ಸಾಮಾನಿನ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು ಆನ್‌ಲೈನಿನಲ್ಲಿ ತರಿಸುವುದಕ್ಕಿಂತ ಉತ್ತಮ. ‘ಕಾರ್ಬನ್’ ಎಂದು ಬರೆದಿರುವ ಎಷ್ಟೋ ಅಗ್ಗದ ಕೋಲುಗಳಲ್ಲಿ ಗ್ಲಾಸ್ ಫೈಬರಿನ ಪಾಲೇ ಹೆಚ್ಚು. ಅಂಥದ್ದನ್ನು ಅಡ್ಡಲಾಗಿ ಹಿಡಿದರೆ ತುದಿ ಬಹಳ ಬಾಗುತ್ತದೆ, ತೂಕವೂ ಕೈಗೆ ತಿಳಿಯುತ್ತದೆ.

ಹಂತ 3: ಸಾಮಾನು ಮೊದಲೇ ಒಟ್ಟುಮಾಡಿ

ಹ್ಯಾಕ್ಸಾ ಮತ್ತು ಅದರ ಸಣ್ಣ ಹಲ್ಲಿನ ಬ್ಲೇಡ್, 320 ಮತ್ತು 400ರ ವಾಟರ್ ಪೇಪರ್, ಮಾಸ್ಕಿಂಗ್ ಟೇಪ್, ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಅಂಟು, ಬಲೆ ಹೆಣೆಯುವ ಸಣ್ಣ ನೈಲಾನ್ ದಾರ, ಹಳೆಯ ಸೈಕಲ್ ಟ್ಯೂಬ್, ಇನ್ಸುಲೇಶನ್ ಟೇಪ್, ಸ್ಪಿರಿಟ್, ಬಿಳಿ ಮಾರ್ಕರ್, ಎನ್95 ಮಾಸ್ಕ್, ರಬ್ಬರ್ ಕೈಗವಸು, ಕನ್ನಡಕ. ಇವಿಷ್ಟಿದ್ದರೆ ಸಾಕು. ಐದು ನಿಮಿಷದಲ್ಲಿ ಹಿಡಿಯುವ ಅಂಟನ್ನು ಇಲ್ಲಿ ಬಳಸಬೇಡಿ. ಅದು ದಾರದ ಎಳೆಗಳ ನಡುವೆ ಇಳಿಯುವ ಮೊದಲೇ ಗಟ್ಟಿಯಾಗುತ್ತದೆ.

ಹಂತ 4: ತೆಳು ತುಂಡುಗಳನ್ನು ತೆಗೆದು ತುದಿ ಕತ್ತರಿಸುವುದು

ತುಂಡುಗಳನ್ನು ತುದಿಯ ಕಡೆಯಿಂದ ಎಳೆದರೆ ಬರುವುದಿಲ್ಲ, ಏಕೆಂದರೆ ಒಳತುಂಡಿನ ಬುಡ ಹೊರತುಂಡಿನ ಬಾಯಿಗಿಂತ ದಪ್ಪ. ಕೋಲನ್ನು ಪೂರ್ತಿ ಮಡಚಿ, ಬುಡದ ಮುಚ್ಚಳವನ್ನು ತಿರುಗಿಸಿ ಬಿಚ್ಚಿ, ಒಳಗಿನವನ್ನು ಹಿಂಬದಿಯಿಂದ ಜಾರಿಸಿ ತೆಗೆಯಬೇಕು. ಹೊರಬಂದ ಕ್ರಮದಲ್ಲೇ ನೆಲದ ಮೇಲೆ ಸಾಲಾಗಿ ಇಟ್ಟುಕೊಳ್ಳಿ.

ಉಳಿಸಿಕೊಂಡ ಮೇಲ್ತುಂಡಿನ ತುದಿ ಸುಮಾರು 10 ಮಿಲಿಮೀಟರ್ ದಪ್ಪವಿರುವ ಜಾಗದಲ್ಲಿ ಗುರುತು ಮಾಡಿ, ಸುತ್ತಲೂ ಎರಡು ಸುತ್ತು ಮಾಸ್ಕಿಂಗ್ ಟೇಪ್ ಹಾಕಿ, ಟೇಪಿನ ಮೇಲೆಯೇ ನಿಧಾನವಾಗಿ ಕತ್ತರಿಸಿ. ಒಂದೇ ಕಡೆಯಿಂದ ಆಚೆಯವರೆಗೂ ಗರಗಸ ಓಡಿಸಿದರೆ ಕೊನೆಯಲ್ಲಿ ನಾರು ಸೀಳಿ ಎದ್ದುಬರುತ್ತದೆ. ಕೋಲನ್ನು ತಿರುಗಿಸುತ್ತ ಸುತ್ತಲೂ ಗೆರೆ ಆಳವಾಗಿಸುತ್ತ ಹೋಗಬೇಕು. ಕತ್ತರಿಸುವಾಗ ಏಳುವ ಕಪ್ಪು ಹುಡಿ ಶ್ವಾಸಕ್ಕೂ ಕಣ್ಣಿಗೂ ಕೆಟ್ಟದ್ದು. ಹೊರಗೆ ಕುಳಿತು, ಕತ್ತರಿಸುವ ಜಾಗಕ್ಕೆ ಆಗಾಗ ನೀರು ಹನಿಸುತ್ತ ಕೆಲಸ ಮಾಡಿದರೆ ಹುಡಿ ಹಾರುವುದಿಲ್ಲ. ಆ ಹುಡಿಯನ್ನು ಬಟ್ಟೆಯಿಂದ ಒದ್ದೆಯಾಗಿ ಒರೆಸಿ ತೆಗೆಯಿರಿ, ಪೊರಕೆ ಹಿಡಿಯಬೇಡಿ. ಅಂಚನ್ನು ವಾಟರ್ ಪೇಪರಿನಲ್ಲಿ ನುಣುಪು ಮಾಡಿ, ಅದರ ಮೇಲೆ ತೆಳ್ಳಗೆ ಅರಾಲ್ಡೈಟ್ ಸವರಿ. ಹಾಗೆಯೇ ಬಿಟ್ಟರೆ ಬರಿಯ ಅಂಚಿನಿಂದ ನೀರು ಪದರಗಳೊಳಗೆ ಇಳಿಯುತ್ತದೆ, ಬೆರಳಿಗೆ ಸೂಜಿಯಂಥ ಎಳೆಗಳೂ ಚುಚ್ಚುತ್ತವೆ.

ಹಂತ 5: ಬಾಯಿಗಳಿಗೆ ದಾರದ ಕಟ್ಟು

ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು, ಕೋಲು ಸೀಳುವುದೂ ಅವರದೇ. ಗಾಳದ ಕೋಲಿನಲ್ಲಿ ಬಹುಪಾಲು ನಾರುಗಳು ಉದ್ದಕ್ಕೆ ಓಡಿರುತ್ತವೆ. ಬಾಗುವಿಕೆಯನ್ನು ಅದು ಚೆನ್ನಾಗಿ ತಾಳಿಕೊಳ್ಳುತ್ತದೆ, ಒಳಗಿನಿಂದ ಬಾಯಿಯನ್ನು ಅಗಲಿಸುವ ಒತ್ತಡವನ್ನು ತಾಳಿಕೊಳ್ಳುವುದಿಲ್ಲ. ಉಜ್ಜುವಾಗಿನ ಪ್ರತಿಯೊಂದು ಬಾಗುವಿಕೆಯೂ ಬಾಯಿಯ ಅಂಚನ್ನು ಹೀಗೆ ಅಗಲಿಸುತ್ತದೆ.

ಪ್ರತಿಯೊಂದು ಹೊರತುಂಡಿನ ಬಾಯಿಯಿಂದ ಕೆಳಕ್ಕೆ 3 ಸೆಂಟಿಮೀಟರಿನಷ್ಟು ಜಾಗದ ಹೊಳಪನ್ನು 400ರ ಪೇಪರಿನಲ್ಲಿ ಮಂಕು ಮಾಡಿ. ಬಣ್ಣ ಮಾತ್ರ ಹೋಗಬೇಕು, ಕಪ್ಪು ನಾರು ಎದ್ದುಬಂದರೆ ಹೆಚ್ಚಾಯಿತು. ಸ್ಪಿರಿಟಿನಿಂದ ಒರೆಸಿ, ನೈಲಾನ್ ದಾರವನ್ನು ಸುತ್ತಿಗೆ ಸುತ್ತು ತಾಗಿಕೊಂಡಿರುವಂತೆ ಬಿಗಿಯಾಗಿ ಸುತ್ತಿ, ದಾರದ ಕೊನೆಯನ್ನು ಸುತ್ತುಗಳ ಅಡಿಗೆ ತೂರಿಸಿ ಎಳೆಯಿರಿ. ಅದರ ಮೇಲೆ ಅರಾಲ್ಡೈಟನ್ನು ದಾರ ನೆನೆಯುವಷ್ಟು ಸವರಿ. ಅಂಟು ಬಾಯಿಯ ಒಳಗೋಡೆಗೆ ಇಳಿಯದಂತೆ ನೋಡಿಕೊಳ್ಳಿ. ಒಂದು ಹನಿ ಒಳಗೆ ಗಟ್ಟಿಯಾದರೂ ಜಾಯಿಂಟ್ ಪೂರ್ತಿ ಕೂರುವುದಿಲ್ಲ. ಜೂನ್, ಜುಲೈಯ ತೇವದಲ್ಲಿ ಈ ಅಂಟಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟುವುದುಂಟು. ಮಳೆ ಬಿಟ್ಟ ದಿನ ನೋಡಿ ಮಾಡಿ, ಒಂದು ಹಗಲು ಒಂದು ರಾತ್ರಿ ಮುಟ್ಟಬೇಡಿ.

ಹಂತ 6: ಜಾರದಂತೆ ಕಟ್ಟುವುದು

ಮೊದಲು ತುಂಡುಗಳನ್ನು ಸರಿಯಾಗಿ ಎಳೆಯುವುದನ್ನು ರೂಢಿಸಿಕೊಳ್ಳಿ. ಜಾಯಿಂಟಿನ ಎರಡೂ ಬದಿ ಒಣಬಟ್ಟೆಯಿಂದ ಒರೆಸಿ, ಒಳತುಂಡನ್ನು ನೇರವಾಗಿ ಎಳೆದು, ಕೊನೆಯಲ್ಲಿ ಒಂದಿಷ್ಟೇ ತಿರುಗಿಸಿ ಕೂರಿಸಬೇಕು. ಜಗ್ಗಿ ಎಳೆಯುವುದರಿಂದ ಪ್ರಯೋಜನವಿಲ್ಲ. ಹಾಗೆ ಕೂತ ಜಾಯಿಂಟ್ ಒಂದೆರಡು ಉಜ್ಜಿಗೆ ಸಡಿಲವಾಗುತ್ತದೆ, ಇಲ್ಲವೇ ಶಾಶ್ವತವಾಗಿ ಸಿಕ್ಕಿಕೊಳ್ಳುತ್ತದೆ.

ಈಗ ರಬ್ಬರಿನ ಕಟ್ಟು. ಸೈಕಲ್ ಟ್ಯೂಬನ್ನು 2 ಸೆಂಟಿಮೀಟರ್ ಅಗಲದ ಉದ್ದ ಪಟ್ಟಿಯಾಗಿ ಕತ್ತರಿಸಿ, ಸೋಪಿನಲ್ಲಿ ತೊಳೆದು ಒಳಗಿನ ಬಿಳಿ ಪುಡಿಯನ್ನು ತೆಗೆಯಿರಿ. ಬಹುತೇಕರು ಪಟ್ಟಿಯನ್ನು ಬಾಯಿಯ ಮೇಲೆ ಒಂದು ಬಳೆಯಂತೆ ಸುತ್ತಿ ಬಿಡುತ್ತಾರೆ, ಅದು ನಿಲ್ಲುವುದಿಲ್ಲ. ಒಳತುಂಡು ಮೇಲಕ್ಕೆ ಹೋದಂತೆ ಸಣ್ಣದಾಗುವುದರಿಂದ, ಕೆಳಗಿನಿಂದ ಬಾಯಿಯ ಅಂಚು ನೂಕಿದಾಗ ಬಳೆ ಸಣ್ಣ ಜಾಗಕ್ಕೆ ಜಾರಿ ಇನ್ನಷ್ಟು ಸಡಿಲವಾಗುತ್ತದೆ. ಆದ್ದರಿಂದ ಬಾಯಿಯಿಂದ 8 ಸೆಂಟಿಮೀಟರ್ ಮೇಲೆ ಒಳತುಂಡಿನ ಮೇಲೆಯೇ ಸುತ್ತಲು ಆರಂಭಿಸಿ, ಪಟ್ಟಿಯನ್ನು ಎಳೆದು ಹಿಡಿದು ಅರ್ಧರ್ಧ ಮೇಲೆ ಬರುವಂತೆ ಕೆಳಕ್ಕೆ ಬನ್ನಿ. ಬಾಯಿಗೆ ತಾಗುವಲ್ಲಿ ನಾಲ್ಕೈದು ಸುತ್ತು ಒಂದರ ಮೇಲೊಂದು ಹಾಕಿ ಹೊರತುಂಡಿನಷ್ಟೇ ದಪ್ಪದ ಗಡ್ಡೆ ಮಾಡಿ, ಆಮೇಲೆ ಬಾಯಿಯನ್ನು ದಾಟಿ ದಾರದ ಕಟ್ಟಿನ ಮೇಲೆ 4 ಸೆಂಟಿಮೀಟರ್ ಇಳಿದು ಕೊನೆಯನ್ನು ತೂರಿಸಿ. ಮೇಲೆ ಇನ್ಸುಲೇಶನ್ ಟೇಪ್ ಸುತ್ತಿದರೆ ರಬ್ಬರ್ ಬಿಚ್ಚುವುದಿಲ್ಲ. ಬಾಯಿಯ ಮೇಲಿನ ಗಡ್ಡೆ ಜಾರುವುದನ್ನು ತಡೆಯುತ್ತದೆ; ದಾಟಿ ಬಂದ ಸುತ್ತುಗಳು ತಿರುಗುವುದನ್ನು ತಡೆಯುತ್ತವೆ.

ಹೋಸ್ ಕ್ಲಿಪ್ ಹಾಕಿಯೇ ತೀರುತ್ತೇನೆ ಎನ್ನುವವರು ಅಡಿಗೆ ದಪ್ಪ ರಬ್ಬರ್ ಕೊಟ್ಟು, ದಾರದ ಕಟ್ಟಿನ ಮೇಲೆ ಮಾತ್ರ, ಬೆರಳಲ್ಲಿ ತಿರುಗುವಷ್ಟೇ ಬಿಗಿ ಮಾಡಬಹುದು. ನನಗಂತೂ ಸ್ಕ್ರೂ ಡ್ರೈವರ್ ಕೈಯಲ್ಲಿದ್ದವರು ಅಷ್ಟಕ್ಕೆ ನಿಲ್ಲಿಸುತ್ತಾರೆಂಬ ನಂಬಿಕೆಯಿಲ್ಲ.

ಎಲ್ಲ ಜಾಯಿಂಟುಗಳ ಮೇಲೂ ಬಿಳಿ ಮಾರ್ಕರಿನಿಂದ ಎರಡೂ ತುಂಡುಗಳನ್ನು ದಾಟುವ ಒಂದು ನೇರ ಗೆರೆ ಎಳೆಯಿರಿ. ಗೆರೆಯ ಎರಡು ಪಾಲು ಬೇರೆಯಾದರೆ ಜಾಯಿಂಟ್ ತಿರುಗಿದೆ. ಮಧ್ಯೆ ಮಡಿಕೆ ಬಿದ್ದರೆ ಜಾರಿದೆ.

ಹಂತ 7: ಬ್ರಷ್

ಒದ್ದೆಯಾದ ಬ್ರಷ್ಷು, ಅದರ ಹಿಡಿಕೆ ಎಲ್ಲ ಸೇರಿ 300 ಗ್ರಾಂ ದಾಟಬಾರದು. ಮೆತ್ತನೆಯ ನೈಲಾನ್ ಎಳೆಗಳ, ಕುತ್ತಿಗೆ ಬಾಗಿಸಿ ಬಿಗಿಯಬಹುದಾದ ಪ್ಲಾಸ್ಟಿಕ್ ಬ್ರಷ್ ಸಾಕು. ಅದರ ಸಾಕೆಟ್ಟಿನ ಒಳಗೆ ಕೋಲಿನ ತುದಿ ಸಡಿಲವಾಗಿದ್ದರೆ ದಾರ ಸುತ್ತಿ ಅಂಟು ಹಾಕಿ ಹೊಂದಿಸಿ.

ಅಲ್ಯೂಮಿನಿಯಂ ಕೊಳವೆಯನ್ನು ಕಾರ್ಬನ್ನಿಗೆ ನೇರವಾಗಿ ತೂರಿಸುವುದು ಕರಾವಳಿಯಲ್ಲಿ ಮಾಡಲೇಬಾರದ ಕೆಲಸ. ಉಪ್ಪುನೀರು ತಾಗಿದಾಗ ಇವೆರಡರ ನಡುವೆ ಬ್ಯಾಟರಿಯಲ್ಲಿ ನಡೆಯುವಂಥ ಕ್ರಿಯೆ ನಡೆದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿನ್ನಿಹೋಗುತ್ತದೆ. ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬಳಸಿ. ಬ್ರಷ್ಷಿನಿಂದ ಕೋಲಿಗೆ ಒಂದು ನೈಲಾನ್ ದಾರದ ಕುಣಿಕೆಯನ್ನೂ ಹಾಕಿ, ಕಳಚಿದರೂ ಕೆಳಗಿದ್ದವರ ತಲೆಯ ಮೇಲೆ ಬೀಳುವುದಿಲ್ಲ.

ಗಾಜಿನ ನೀರು ಎಳೆಯುವ ರಬ್ಬರ್ ವೈಪರನ್ನು ಈ ಕೋಲಿಗೆ ಕಟ್ಟಬೇಡಿ. ಅದಕ್ಕೆ ಒಂದೇ ಸಮನಾದ ಒತ್ತಡ ಬೇಕು. ಬಾಗುವ ಕೋಲಿನ ತುದಿಯಲ್ಲಿ ಅದು ಕುಪ್ಪಳಿಸುತ್ತದೆ, ಗಾಜಿನ ತುಂಬ ಗೆರೆ ಬಿಡುತ್ತದೆ.

ಹಂತ 8: ನೀರು

ವೈಪರ್ ಇಲ್ಲದ ಮೇಲೆ ನೀರು ತಾನಾಗಿಯೇ ಕಲೆಯಿಲ್ಲದೆ ಒಣಗಬೇಕು. ಅದಕ್ಕೆ ಸೋಪು ಬೇಡ, ಲವಣ ಕಡಿಮೆಯಿರುವ ನೀರು ಬೇಕು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 10ರ ಒಳಗೆ ಬಂದರೆ ಉತ್ತಮ, 30ರವರೆಗೂ ಮನೆಯ ಗಾಜಿಗೆ ನಡೆಯುತ್ತದೆ. ನೂರು ದಾಟಿದರೆ ಬಿಸಿಲಿಗೆ ಹನಿ ಹನಿಯ ಗುರುತು ಕಾಣುತ್ತದೆ.

ಇಂಥ ನೀರು ಇಲ್ಲಿ ಪುಕ್ಕಟೆಯಾಗಿ ಎರಡು ಕಡೆ ಸಿಗುತ್ತದೆ. ಒಂದು ಎಸಿಯಿಂದ ತೊಟ್ಟಿಕ್ಕುವ ನೀರು. ಗಾಳಿಯ ತೇವವೇ ಹನಿಯಾದದ್ದರಿಂದ ಅದರಲ್ಲಿ ಲವಣ ಇರುವುದಿಲ್ಲವೆಂದೇ ಹೇಳಬಹುದು, ಬಟ್ಟೆಯಲ್ಲಿ ಸೋಸಿದರಾಯಿತು. ಇನ್ನೊಂದು ಮಳೆನೀರು, ಮಳೆ ಹಿಡಿದ ಮೊದಲ ಕಾಲು ಗಂಟೆಯ ನೀರನ್ನು ಬಿಟ್ಟು ಆಮೇಲಿನದನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿಡಿ. ಮಂಗಳೂರಿಗೆ ತುಂಬೆಯಿಂದ, ಉಡುಪಿಗೆ ಬಜೆಯಿಂದ ಬರುವ ನದಿನೀರು ಉಜ್ಜಲು ಆಗುತ್ತದೆ, ಕೊನೆಯ ತೊಳೆತಕ್ಕೆ ಮಾತ್ರ ಮೀಟರ್ ಹಾಕಿ ನೋಡಿ. ಕಡಲಿಗೆ ಹತ್ತಿರದ ಬೋರ್‌ವೆಲ್ ನೀರು ಮತ್ತು ಆರ್‌ಓ ಯಂತ್ರ ಹೊರಗೆ ಬಿಡುವ ನೀರು ಬೇಡವೇ ಬೇಡ.

ನೀರನ್ನು ಮೇಲೆ ಒಯ್ಯಲು ಆರ್‌ಓ ಯಂತ್ರಕ್ಕೆ ಬಳಸುವಂಥ ಸಣ್ಣ ಪೈಪ್ ಸಾಕು. ನೀರು ತುಂಬಿದಾಗ ಮೀಟರಿಗೆ 30 ಗ್ರಾಂನಷ್ಟೇ ಭಾರ. ತೋಟದ ಹೋಸನ್ನು ಕಟ್ಟಿದರೆ ಕೋಲಿನ ಹಗುರತನವೆಲ್ಲ ವ್ಯರ್ಥ. ಪೈಪನ್ನು ಕೋಲಿನ ಹೊರಗೇ ಬಿಟ್ಟು, ರಬ್ಬರ್ ಕಟ್ಟುಗಳ ಮೇಲೆ ಮಾತ್ರ ಸಡಿಲವಾಗಿ ಬಿಗಿಯಿರಿ. ಮನೆಯ ಟ್ಯಾಂಕಿನ ನೀರಿಗೆ ಸಾಕಷ್ಟು ಒತ್ತಡವಿರುವುದಿಲ್ಲ: ನೀರಿನ ಮಟ್ಟ 8 ಮೀಟರಿನಲ್ಲಿದ್ದು ಬ್ರಷ್ 5.5 ಮೀಟರಿನಲ್ಲಿದ್ದರೆ ಉಳಿಯುವುದು ಎರಡೂವರೆ ಮೀಟರಿನ ಒತ್ತಡ, ಅಂದರೆ ಕಾಲು ಬಾರ್. ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್ ಇದಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ಹೊಸದಾಗಿರಲಿ. ತೋಟಕ್ಕೆ ಬೋರ್ಡೋ ಹೊಡೆದ ಸ್ಪ್ರೇಯರಿನಲ್ಲಿ ಉಳಿದ ಸುಣ್ಣ, ಮೈಲುತುತ್ತು ಗಾಜಿನ ಮೇಲೆ ನೀಲಿಬಿಳಿ ಕಲೆಯಾಗುತ್ತದೆ. ಕಳೆನಾಶಕ ಹೊಡೆದದ್ದಾದರೆ ಮನೆಯ ಹತ್ತಿರವೇ ತರಬಾರದು.

ಹಂತ 9: ನೆಲದ ಮೇಲೆ ಪರೀಕ್ಷೆ

ಒಂದು ಬಾರಿಗೆ ಒಂದೇ ಜಾಯಿಂಟನ್ನು ಎಳೆದು ಕೂರಿಸಿ, ಕಟ್ಟು ಹಾಕಿ, ತೂಕದ ಯಂತ್ರದ ಮೇಲೆ ನೇರವಾಗಿ ನಿಲ್ಲಿಸಿ ಮೇಲಿನಿಂದ ಒತ್ತಿ. ಮುಳ್ಳು 5 ಕಿಲೋ ತೋರಿಸುವವರೆಗೂ ಬಿಳಿ ಗೆರೆ ಅಲುಗಬಾರದು. ಅಲುಗಿದರೆ ಕಟ್ಟು ಬಿಚ್ಚಿ, ಎರಡೂ ಮೈ ಸ್ಪಿರಿಟಿನಿಂದ ಒರೆಸಿ ಮತ್ತೆ ಸುತ್ತಿ. ಆಮೇಲೆ ಪೂರ್ತಿ ಬಿಚ್ಚಿದ ಕೋಲನ್ನು ಬ್ರಷ್ ಸಮೇತ ಅಂಗಳದ ಗೋಡೆಗೆ ಒತ್ತಿ, ಕಿಟಕಿಯೆಂದುಕೊಂಡು ಕೆಲವು ನಿಮಿಷ ಉಜ್ಜಿ ನೋಡಿ.

ಬಾಗಿದಾಗ ಕಟಕಟ ಸದ್ದು, ನಾಣ್ಯದಿಂದ ತಟ್ಟುತ್ತ ಹೋದಾಗ ಒಂದು ಕಡೆ ಮಾತ್ರ ಬೊದ್ದು ಶಬ್ದ, ಬಾಯಿಯ ಹತ್ತಿರ ಕೂದಲೆಳೆಯ ಗೆರೆ, ಇವುಗಳಲ್ಲಿ ಯಾವುದು ಕಂಡರೂ ಆ ತುಂಡು ಮುಗಿಯಿತು. ಅಂಟು ಹಚ್ಚಿ ಇನ್ನೊಂದು ದಿನಕ್ಕೆ ಎಳೆಯಬೇಡಿ. ಒಳಪದರ ಬಿಟ್ಟ ಕಾರ್ಬನ್ ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಮುರಿಯುತ್ತದೆ.

ಹಂತ 10: ಕಿಟಕಿಯ ಕೆಳಗೆ

ಬೆಳಗ್ಗೆಯೇ ಮುಗಿಸಿ. ಹೊತ್ತೇರಿದ ಮೇಲೆ ಕಡಲಗಾಳಿ ಬೀಸತೊಡಗಿದರೆ ಐದು ಮೀಟರಿನ ಕೋಲನ್ನು ಒಬ್ಬರೇ ಹಿಡಿಯುವುದು ಕಷ್ಟ, ಬಿಸಿಯಾದ ಗಾಜಿನ ಮೇಲೆ ನೀರೂ ತೊಳೆಯುವ ಮೊದಲೇ ಒಣಗುತ್ತದೆ. ಏಪ್ರಿಲ್, ಮೇಯಲ್ಲೂ ಅಕ್ಟೋಬರ್, ನವೆಂಬರಿನಲ್ಲೂ ಎಲ್ಲೋ ದೂರದಲ್ಲಿ ಒಂದು ಗುಡುಗು ಕೇಳಿದರೂ ಕೋಲನ್ನು ಮಡಚಿ ಒಳಗೆ ಹೋಗಬೇಕು.

ಗೋಡೆಯಿಂದ ಒಂದೂವರೆ ಎರಡು ಮೀಟರ್ ದೂರ ನಿಂತು, ಮೇಲಿನ ತುಂಡಿನಿಂದ ಆರಂಭಿಸಿ ಒಂದೊಂದನ್ನೇ ಎಳೆದು ಕಟ್ಟುತ್ತ, ಕೊನೆಗೆ ಕೋಲನ್ನು ಗೋಡೆಗೆ ಆನಿಸಿ ಎತ್ತಿ. ಕೋಲು ನೇರವಾಗಿದ್ದಷ್ಟೂ ಕೈಗೆ ಹಗುರ. 60 ಡಿಗ್ರಿ ಓರೆಯಲ್ಲಿ 5 ಮೀಟರ್ ಕೋಲಿನ ಬ್ರಷ್ ನಿಮ್ಮ ಕೈಯಿಂದ ಎರಡೂವರೆ ಮೀಟರ್ ಆಚೆಗಿರುತ್ತದೆ, 300 ಗ್ರಾಂ ಬ್ರಷ್ಷನ್ನು ಹಿಡಿದು ನಿಲ್ಲಿಸಲು ತೋಳುಗಳು ಅದರ ಮೂರು ಪಟ್ಟಿನಷ್ಟು ಬಲ ಹಾಕಬೇಕಾಗುತ್ತದೆ. ಚೌಕಟ್ಟಿನ ಮೇಲಂಚನ್ನು ಮೊದಲು ತೊಳೆಯಿರಿ, ಇಲ್ಲದಿದ್ದರೆ ಅಲ್ಲಿನ ಪಾಚಿ ಕೊನೆಯಲ್ಲಿ ಗಾಜಿನ ಮೇಲೆ ಇಳಿಯುತ್ತದೆ. ಕೊಳೆ ಹೋಗದಿದ್ದರೆ ಜೋರಾಗಿ ಒತ್ತುವುದರಿಂದ ಲಾಭವಿಲ್ಲ. ಕೋಲು ಬಿಲ್ಲಿನಂತೆ ಬಾಗುತ್ತದೆಯೇ ಹೊರತು ಬ್ರಷ್ಷಿನ ಒತ್ತಡ ಹೆಚ್ಚುವುದಿಲ್ಲ. ನೀರು ಬಿಟ್ಟು ಐದು ನಿಮಿಷ ನೆನೆಯಲು ಬಿಡಿ. ಕೊನೆಯಲ್ಲಿ ಬ್ರಷ್ಷನ್ನು ಗಾಜಿನಿಂದ ಸ್ವಲ್ಪ ಎತ್ತಿ ಮೇಲಿನಿಂದ ಕೆಳಕ್ಕೆ ಬರೀ ನೀರು ಹಾಯಿಸಿ ಬಿಟ್ಟುಬಿಡಿ, ಒರೆಸಬೇಡಿ. ಬಾಲ್ಕನಿಯಿಂದ ಹೊರಗೆ ಬಾಗಿ ಪಕ್ಕದ ಕಿಟಕಿಗೆ ಕೋಲು ಚಾಚುವುದಂತೂ ಯಾವ ಮಹಡಿಯಲ್ಲೂ ಕೂಡದು.

ಹಂತ 11: ಮಡಚುವುದು, ಒಣಗಿಸುವುದು

ಮಡಚುವಾಗ ದಪ್ಪ ತುಂಡಿನ ಕಡೆಯಿಂದ ಆರಂಭಿಸಿ. ಸಿಕ್ಕಿಕೊಂಡ ಜಾಯಿಂಟಿಗೆ ಇಕ್ಕಳ ಹಾಕಬೇಡಿ. ಎರಡೂ ಬದಿಗೆ ಟ್ಯೂಬಿನ ತುಂಡು ಸುತ್ತಿ, ಇಬ್ಬರು ಎದುರುಬದುರು ನಿಂತು ತಿರುಗಿಸುತ್ತ ನೂಕಿದರೆ ಬಹುತೇಕ ಬಿಡುತ್ತದೆ. ಬಿಡದಿದ್ದರೆ ಬಾಯಿಯ ಸುತ್ತ ಸೋಪಿನ ನೀರು ಹನಿಸಿ ಕಾಲು ಗಂಟೆ ಬಿಟ್ಟು, ಕೋಲನ್ನು ನೆಟ್ಟಗೆ ಹಿಡಿದು ಒಳತುಂಡಿನ ತುದಿಯನ್ನು ಮರದ ಹಲಗೆಯ ಮೇಲೆ ಮೆಲ್ಲಗೆ ಕುಟ್ಟಿ.

ಮಡಚಿದ ಕೂಡಲೇ ಬುಡದ ಮುಚ್ಚಳ ಬಿಚ್ಚಿ ತುಂಡುಗಳನ್ನು ಬೇರೆ ಮಾಡಿ, ಸಿಹಿನೀರಿನಲ್ಲಿ ತೊಳೆದು, ಒಳಗೂ ಒಂದು ಬಾರಿ ನೀರು ಹಾಯಿಸಿ ನೆರಳಿನಲ್ಲಿ ಒಣಗಿಸಿ. ಹಾಗೇ ಮಡಚಿಟ್ಟರೆ ಒಳಗೆ ಉಳಿದ ಉಪ್ಪು ಮತ್ತು ಮರಳು ಮುಂದಿನ ಸಲ ಜಾಯಿಂಟನ್ನು ಕೆರೆಯುತ್ತವೆ. ತಾರಸಿಯ ಬಿಸಿಲಿನಲ್ಲಿ ಬಿಡಬೇಡಿ. ಬಿಸಿಲಿಗೆ ನಾರುಗಳನ್ನು ಹಿಡಿದಿಡುವ ರಾಳ ಮಂಕಾಗಿ ಹುಡಿ ಏಳತೊಡಗುತ್ತದೆ. ರಬ್ಬರ್ ಪಟ್ಟಿಗಳನ್ನು ಬಿಚ್ಚಿ ಬೇರೆಯೇ ಇಡಿ, ಬಿರುಕು ಕಂಡವುಗಳನ್ನು ಆಗಲೇ ಎಸೆದು ಹೊಸದನ್ನು ಕತ್ತರಿಸಿಟ್ಟುಕೊಳ್ಳಿ.